ಸೈನಿಕನ ಅಂಗವೈಕಲ್ಯ ಪಿಂಚಣಿ: ‘ಇಲ್ಲ’ ಅಂತ ಪತ್ರ ಬಂದ್ರೆ ಮುಂದೇನು? ಗಾಂಧಿ ಬಜಾರ್‌ಗೂ ಗೊತ್ತಿರಬೇಕಾದ ಆರು ತಿಂಗಳ ಲೆಕ್ಕ

ಶಿವಮೊಗ್ಗ: ಪ್ರತಿ ವರ್ಷ ಜುಲೈ 26 ಬಂತು ಅಂದ್ರೆ ಸೈನಿಕ ಪಾರ್ಕ್‌ನಲ್ಲಿ ಹೂಗುಚ್ಛ, ಸಲ್ಯೂಟ್, ಭಾಷಣ. ಮರುದಿನದಿಂದ ಎಲ್ಲಾ ಮಾಮೂಲಿ. ಬಂಗಾರದ ಅಂಗಡಿ ಬಾಗಿಲಲ್ಲಿ, ಬ್ಯಾಂಕ್ ಎದುರಲ್ಲಿ ಬಂದೂಕು ಹಿಡಿದು ನಿಂತ ಮಾಜಿ ಸೈನಿಕರನ್ನು ಜನ ದಿನಾ ನೋಡ್ತಾರೆ, ಮಾತಾಡಿಸ್ತಾರೆ. ಆದ್ರೆ ಮನೆಯಿಂದ ಹೊರಗೇ ಬರಲಾಗದ ಮಾಜಿ ಸೈನಿಕರು ಯಾರ ಕಣ್ಣಿಗೂ ಬೀಳಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು, ಮೂರ್ಛೆ ರೋಗ ಬಂದು ಒಬ್ಬರನ್ನೇ ಬಿಡಲಾಗದವರು, ಮಾನಸಿಕ ಆರೋಗ್ಯ ಕೆಟ್ಟವರು ಇದ್ದಾರೆ. ಅವರ ಪರವಾಗಿ ಗಾಂಧಿ ಬಜಾರ್‌ಗೆ ಬರೋದು ಹೆಂಡತಿ, ಇಲ್ಲ ಅಂದ್ರೆ ಮಗ. ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ, ಡೈಪರ್. ಜೆರಾಕ್ಸ್ ಅಂಗಡಿಯಲ್ಲಿ ಡಿಸ್ಚಾರ್ಜ್ ಬುಕ್‌ನ ನಾಲ್ಕು ಕಾಪಿ. ಕಿರಾಣಿ ಅಂಗಡಿಯಲ್ಲಿ ಖಾತೆ. ಈ ಮೂರೂ ಕಡೆ ಕೇಳಿ ಬರೋ ಮಾತು ಒಂದೇ, ‘ಪಿಂಚಣಿ ಜಾಸ್ತಿ ಆಗೋದಿತ್ತು, ಆಗ್ಲಿಲ್ಲ’.

ಯಾಕೆ ಆಗ್ಲಿಲ್ಲ ಅನ್ನೋದಕ್ಕೆ ಬಹಳ ಸಲ ಒಂದೇ ಕಾರಣ. ರೆಕಾರ್ಡ್ ಆಫೀಸ್‌ನಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬಂದಿರುತ್ತೆ. ಕ್ಲೇಮ್ ತಿರಸ್ಕಾರ ಆಗಿದೆ, ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಅಂತ ಅದರಲ್ಲೇ ಬರೆದಿರುತ್ತೆ. ಮನೆಯವರು ಮೊದಲ ಸಾಲು ಓದಿಸಿಕೊಂಡು ಕೈ ಬಿಟ್ಟಿರುತ್ತಾರೆ. ಕೊನೆಯ ಸಾಲು ಯಾರೂ ಓದಿ ಹೇಳಿರಲ್ಲ.

‘ನಾನಾ’ ಅಂದ್ರೆ ಏನು?

ಸೇನೆಯಿಂದ ಹೊರಬರುವಾಗ ಸೈನಿಕನ ವೈದ್ಯಕೀಯ ಪರೀಕ್ಷೆ ಆಗುತ್ತೆ. ಅವಧಿ ಮುಗಿಸಿ ಬರುವವರಿಗೆ ರಿಲೀಸ್ ಮೆಡಿಕಲ್ ಬೋರ್ಡ್. ಅನಾರೋಗ್ಯದ ಕಾರಣಕ್ಕೆ ಮಧ್ಯದಲ್ಲೇ ಕಳಿಸಿದರೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಬೋರ್ಡ್ ಎರಡು ವಿಷಯ ಬರೆಯುತ್ತೆ. ಒಂದು, ಅಂಗವೈಕಲ್ಯ ಶೇಕಡಾ ಎಷ್ಟು. ಎರಡು, ಅದು ಸೇನಾ ಸೇವೆಯಿಂದ ಬಂದದ್ದಾ ಅಥವಾ ಸೇವೆಯಿಂದ ಉಲ್ಬಣಗೊಂಡದ್ದಾ.

ಅಂಗವೈಕಲ್ಯ ಪಿಂಚಣಿ ಸಿಗಬೇಕಾದ್ರೆ ನಿಯಮದ ಪ್ರಕಾರ ಶೇ. 20 ಅಥವಾ ಹೆಚ್ಚು ಇರಬೇಕು. ಜೊತೆಗೆ ‘ಸೇವೆಯಿಂದ ಬಂದದ್ದು’ ಅಥವಾ ‘ಸೇವೆಯಿಂದ ಉಲ್ಬಣಗೊಂಡದ್ದು’, ಇವೆರಡರಲ್ಲಿ ಒಂದಾದರೂ ಆಗಿರಬೇಕು. ಎರಡೂ ಅಲ್ಲ ಅಂತ ಬೋರ್ಡ್ ಬರೆದ್ರೆ ಅದಕ್ಕೆ ಸೇನೆಯ ಕಡತದಲ್ಲಿ ‘ನಾನಾ’ ಅಂತಾರೆ. ನೈದರ್ ಆಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್ ಅನ್ನೋದರ ಮೊದಲಕ್ಷರಗಳು. ಕನ್ನಡದಲ್ಲಿ ನಾನಾ ಅಂದ್ರೆ ಹಲವು. ಕಡತದಲ್ಲಿ ನಾನಾ ಅಂದ್ರೆ ಏನೂ ಇಲ್ಲ.

ಜಗಳ ಹೆಚ್ಚಾಗಿ ಇರೋದೇ ಇಲ್ಲಿ. ಗುಂಡು ತಗುಲಿ ಕಾಲು ಹೋದವರ ವಿಷಯದಲ್ಲಿ ಯಾರಿಗೂ ಅನುಮಾನ ಇರಲ್ಲ. ಅವರಿಗೆ ಯುದ್ಧ ಗಾಯದ ಪಿಂಚಣಿ ಅಂತ ಬೇರೆಯೇ ಇದೆ, ದರವೂ ಹೆಚ್ಚು. ತಕರಾರು ಬರೋದು ಕಾಯಿಲೆಗಳಲ್ಲಿ. ಮೂರ್ಛೆ ರೋಗ, ಮನೋರೋಗ, ಬಿ.ಪಿ., ಶುಗರ್, ಹೃದಯ, ಬೆನ್ನು. ‘ಇದು ಹುಟ್ಟಿನಿಂದಲೇ ಬಂದ ಕಾಯಿಲೆ, ಸೇವೆಗೂ ಇದಕ್ಕೂ ಸಂಬಂಧ ಇಲ್ಲ’ ಅಂತ ಬೋರ್ಡ್ ಒಂದು ಸಾಲು ಬರೆದ್ರೆ ಮುಗೀತು.

ಕೋರ್ಟ್ ಏನು ಹೇಳಿದೆ?

2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಧರಮ್‌ವೀರ್ ಸಿಂಗ್ ತೀರ್ಪು ಈ ವಿಷಯದಲ್ಲಿ ಮೈಲಿಗಲ್ಲು. ಸಿಗ್ನಲ್ಸ್ ದಳದ ಸಿಪಾಯಿ. ಸುಮಾರು ಒಂಬತ್ತು ವರ್ಷ ಸೇವೆ ಮಾಡಿದ ಮೇಲೆ ಮೂರ್ಛೆ ರೋಗ ಅಂತ 1994ರಲ್ಲಿ ಹೊರಗೆ ಕಳಿಸಿದ್ರು. ಅಂಗವೈಕಲ್ಯ ಶೇ. 20. ಸೇವೆಗೆ ಸಂಬಂಧ ಇಲ್ಲ ಅಂತ ಪಿಂಚಣಿ ಕೊಡಲಿಲ್ಲ.

ಕೋರ್ಟ್ ಹೇಳಿದ್ದು ಸರಳ. ಭರ್ತಿ ಮಾಡಿಕೊಳ್ಳುವಾಗ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ ಆರೋಗ್ಯವಂತ ಅಂತ ತಗೊಂಡಿದ್ದೀರಿ. ಆಗ ಕಾಗದದಲ್ಲಿ ಯಾವ ಕಾಯಿಲೆಯೂ ಬರೆದಿಲ್ಲ. ಆಮೇಲೆ ಕಾಯಿಲೆ ಬಂದ್ರೆ ಅದು ಸೇವೆಯಿಂದಲೇ ಬಂತು ಅಂತ ಮೊದಲು ಭಾವಿಸಬೇಕು. ಅಲ್ಲ ಅನ್ನೋದಾದ್ರೆ ಸಾಬೀತು ಮಾಡೋ ಹೊಣೆ ಸೇನೆಯದ್ದು, ಸೈನಿಕನದ್ದಲ್ಲ. ಬೋರ್ಡ್ ಕಾರಣ ಬರೆಯಬೇಕು. ಅನುಮಾನ ಇದ್ರೆ ಅದರ ಲಾಭ ಸೈನಿಕನಿಗೆ ಹೋಗಬೇಕು.

2015ರ ಫೆಬ್ರುವರಿಯಲ್ಲಿ ರಾಜ್‌ಬೀರ್ ಸಿಂಗ್ ಪ್ರಕರಣದಲ್ಲಿ ಇದೇ ಮಾತನ್ನು ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. 2025ರ ಏಪ್ರಿಲ್‌ನಲ್ಲಿ ಬಿಜೇಂದರ್ ಸಿಂಗ್ ಪ್ರಕರಣದಲ್ಲಿ ಮತ್ತೊಮ್ಮೆ. ಅದೂ ಮೂರ್ಛೆ ರೋಗದ ಪ್ರಕರಣವೇ. ಸಿಯಾಚಿನ್‌ನಲ್ಲಿ ಇದ್ದಾಗ ಕಾಣಿಸಿಕೊಂಡದ್ದು. 1989ರಲ್ಲಿ ಮನೆಗೆ ಕಳಿಸಿದ ಯೋಧನಿಗೆ ನ್ಯಾಯ ಸಿಕ್ಕಿದ್ದು 2025ರಲ್ಲಿ. 36 ವರ್ಷ.

ಕಾನೂನು ಇಷ್ಟು ಸ್ಪಷ್ಟ ಇದ್ದ ಮೇಲೆ ಮತ್ತೆ ಮತ್ತೆ ಯಾಕೆ ಕೋರ್ಟ್‌ಗೆ ಹೋಗಬೇಕು ಅನ್ನೋದು ಸಹಜ ಪ್ರಶ್ನೆ. ಉತ್ತರ ಎರಡು ಕಡೆ ಇದೆ. ಒಂದು, ನಿಯಮಗಳೇ ಬದಲಾಗಿವೆ. 1982ರ ನಿಯಮ ಸೈನಿಕನ ಪರ ವಾಲಿತ್ತು. 2008ರ ನಿಯಮದಲ್ಲಿ, ಸೇವೆಯಲ್ಲಿದ್ದಾಗ ಕಾಯಿಲೆ ಬಂತು ಅಂದ ಮಾತ್ರಕ್ಕೆ ಅದು ಸೇವೆಯಿಂದಲೇ ಬಂತು ಅಂತ ಅಲ್ಲ ಅನ್ನೋ ಮಾತು ಸೇರಿತು. 2023ರ ಸೆಪ್ಟೆಂಬರ್ 21ರಿಂದ ಮತ್ತೊಂದು ಹೊಸ ನಿಯಮ ಬಂದಿದೆ. ಹಾಗಾಗಿ ಸೈನಿಕ ಯಾವ ದಿನ ಹೊರಬಂದ ಅನ್ನೋದರ ಮೇಲೆ ಯಾವ ನಿಯಮ ಅನ್ನೋದು ನಿಂತಿದೆ. ಪಕ್ಕದ ಮನೆಯವರಿಗೆ ಸಿಕ್ತು ಅಂತ ಅವರ ಅರ್ಜಿಯನ್ನೇ ಕಾಪಿ ಹೊಡೆದ್ರೆ ನಡೆಯಲ್ಲ.

ಎರಡು, ಸೈನಿಕ ಗೆದ್ದ ಮೇಲೂ ಸರ್ಕಾರ ಮೇಲಿನ ಕೋರ್ಟ್‌ಗೆ ಹೋಗುತ್ತೆ. 2024ರ ಡಿಸೆಂಬರ್‌ನಲ್ಲಿ ಗಡಿಯ ಗಸ್ತಿನಲ್ಲಿ ಮೃತಪಟ್ಟ ಯೋಧನ ಪತ್ನಿಗೆ ಕುಟುಂಬ ಪಿಂಚಣಿ ಕೊಡುವ ವಿಷಯದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಆಕೆಯನ್ನು ಅಲ್ಲಿಯವರೆಗೆ ಎಳೆಯಬಾರದಿತ್ತು ಅಂತ ಹೇಳಿದ ಕೋರ್ಟ್, ಸರ್ಕಾರಕ್ಕೇ 50 ಸಾವಿರ ರೂ. ದಂಡ ಹಾಕಿತು.

ಸರ್ಕಾರದ ವಾದದಲ್ಲೂ ಹುರುಳಿದೆಯಾ?

ಸ್ವಲ್ಪ ಇದೆ. ಸಿಎಜಿ ವರದಿ ಇದನ್ನು ಎತ್ತಿ ತೋರಿಸಿತ್ತು. 2015–16ರಿಂದ 2019–20ರವರೆಗೆ ನಿವೃತ್ತರಾದ ಅಧಿಕಾರಿಗಳಲ್ಲಿ ಶೇ. 36ರಿಂದ 40ರಷ್ಟು ಜನ ಅಂಗವೈಕಲ್ಯ ಪಿಂಚಣಿ ಜೊತೆ ಹೊರಬಂದಿದ್ದಾರೆ. ಅದೇ ಜವಾನರು, ಜೆಸಿಒಗಳಲ್ಲಿ ಆ ಪ್ರಮಾಣ ಶೇ. 15ರಿಂದ 18. ಬಿ.ಪಿ., ಶುಗರ್‌ನಂಥ ಜೀವನಶೈಲಿ ಕಾಯಿಲೆಗಳಿಗೂ ಪಿಂಚಣಿ ಹೋಗ್ತಿದೆ ಅನ್ನೋದು ತಕರಾರು. 2023ರ ಹೊಸ ನಿಯಮದ ಹಿಂದೆ ಈ ಚರ್ಚೆಯೂ ಇದೆ.

ಆದ್ರೆ ಆ ಅಂಕಿಯನ್ನೇ ಇನ್ನೊಂದು ಕಡೆಯಿಂದ ನೋಡಿ. ಗುಡ್ಡದ ಮೇಲೆ, ಹಿಮದಲ್ಲಿ, ಮರಳಲ್ಲಿ ಹೆಚ್ಚು ದಿನ ಕಳೆಯೋನು ಜವಾನ. ಅಂಗವೈಕಲ್ಯ ಪಿಂಚಣಿ ಸಿಗೋರ ಪ್ರಮಾಣದಲ್ಲಿ ಅವನೇ ಅರ್ಧಕ್ಕಿಂತ ಕೆಳಗೆ. ನಿಯಮ ಗೊತ್ತಿರೋನು, ಇಂಗ್ಲಿಷ್ ಬರೋನು, ಬೋರ್ಡ್ ಮುಂದೆ ಮಾತಾಡೋಕೆ ಧೈರ್ಯ ಇರೋನು ಗೆಲ್ತಾನೆ. ಭದ್ರಾವತಿಯ ಕಾರ್ಮಿಕನ ಮಗ, ಶಿಕಾರಿಪುರದ ರೈತನ ಮಗ ಸಹಿ ಹಾಕು ಅಂದ ಕಡೆ ಸಹಿ ಹಾಕಿ ರೈಲು ಹತ್ತುತ್ತಾನೆ. ದುರುಪಯೋಗ ತಡೆಯೋಕೆ ಬಾಗಿಲು ಬಿಗಿ ಮಾಡಿದ್ರೆ ಮೊದಲು ಹೊರಗೆ ಉಳಿಯೋದು ಇವನೇ.

ಎಲ್ಲಾ ಪ್ರಕರಣವೂ ಗೆಲ್ಲಲ್ಲ ಅನ್ನೋದೂ ನಿಜ. ರಜೆಗೆ ಬಂದವರು ಊರಲ್ಲಿ ಬೈಕ್ ಓಡಿಸುವಾಗ ಅಪಘಾತ ಆದ್ರೆ? 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಇಲ್ಲ ಅಂದಿದೆ. ರಜೆಯಲ್ಲಿ ಸ್ವಂತ ಕೆಲಸಕ್ಕೆ ಹೋದಾಗ ಆದ ಗಾಯಕ್ಕೂ ಸೇನಾ ಸೇವೆಗೂ ಸಂಬಂಧ ಇರಬೇಕು ಅನ್ನೋದು ಕೋರ್ಟ್ ನಿಲುವು. ಆದ್ರೆ ಡ್ಯೂಟಿ ಜಾಗದಿಂದ ರಜೆಗೆ ಊರಿಗೆ ಬರುವ, ಊರಿಂದ ವಾಪಸ್ ಹೋಗುವ ಪ್ರಯಾಣದಲ್ಲಿ ಆದದ್ದರ ಲೆಕ್ಕ ಬೇರೆ. ಅಪಘಾತ ಎಲ್ಲಿ, ಎಷ್ಟು ಗಂಟೆಗೆ, ಎಲ್ಲಿಗೆ ಹೋಗುವಾಗ ಅನ್ನೋ ಕಾಗದ ಅದಕ್ಕೇ ಮುಖ್ಯ. ರೈಲು ಟಿಕೆಟ್, ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆ ಚೀಟಿ ಎಸೆಯಬಾರದು.

ದುಡ್ಡಿನ ಲೆಕ್ಕ: ಶೇ. 30 ಹೇಗೆ ಶೇ. 50 ಆಗುತ್ತೆ?

ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಭಾಗ. ಸೇವೆಯ ಭಾಗ, ಅಂಗವೈಕಲ್ಯದ ಭಾಗ. ಅಂಗವೈಕಲ್ಯ ಶೇ. 100 ಇದ್ರೆ ಕೊನೆಯ ವೇತನದ ಶೇ. 30 ಸಿಗುತ್ತೆ. ಕಡಿಮೆ ಇದ್ರೆ ಅದೇ ಪ್ರಮಾಣದಲ್ಲಿ ಇಳಿಯುತ್ತೆ.

ಉದಾಹರಣೆಗೆ ಭದ್ರಾವತಿಯ ಒಬ್ಬ ಹವಾಲ್ದಾರ್, ಕೊನೆಯ ವೇತನ 40 ಸಾವಿರ ಅಂತ ಇಟ್ಕೊಳ್ಳಿ. ಶೇ. 100 ಆದ್ರೆ ಅಂಗವೈಕಲ್ಯದ ಭಾಗ 12,000 ರೂ. ಬೋರ್ಡ್ ಶೇ. 30 ಅಂತ ಬರೆದಿದ್ರೆ 3,600 ರೂ. ಇದರ ಮೇಲೆ ತುಟ್ಟಿಭತ್ಯೆ ಬೇರೆ.

ಇಲ್ಲಿ ‘ಬ್ರಾಡ್ ಬ್ಯಾಂಡಿಂಗ್’ ಅಂತ ಒಂದು ನಿಯಮ ಇದೆ. ಶೇ. 50ಕ್ಕಿಂತ ಕಡಿಮೆ ಇದ್ರೆ 50 ಅಂತ, 50ರಿಂದ 75ರವರೆಗೆ ಇದ್ರೆ 75 ಅಂತ, 76ರಿಂದ 100ರವರೆಗೆ ಇದ್ರೆ 100 ಅಂತ ಲೆಕ್ಕ ಹಿಡಿಯಬೇಕು. ಆಗ ಮೇಲಿನ ಹವಾಲ್ದಾರ್‌ಗೆ 3,600ರ ಬದಲು 6,000 ರೂ. ತಿಂಗಳಿಗೆ 2,400 ರೂ. ವ್ಯತ್ಯಾಸ, ವರ್ಷಕ್ಕೆ 28,800.

2001ರ ಆದೇಶದಲ್ಲಿ ಈ ಅನುಕೂಲ ಅನಾರೋಗ್ಯದಿಂದ ಮಧ್ಯದಲ್ಲೇ ಹೊರಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಅನ್ವಯಿಸುತ್ತೆ ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಅದಕ್ಕೂ ಮುಂಚೆ ನಿವೃತ್ತರಾದ ಹಳಬರು ತಮ್ಮ ಪಿಪಿಒ ತೆಗೆದು ಒಮ್ಮೆ ನೋಡೋದು ಒಳ್ಳೇದು. ಅದರಲ್ಲಿ ಇನ್ನೂ 20, 30, 40 ಅಂತಲೇ ಇದ್ದರೆ ಕೇಳೋದಕ್ಕೆ ಕಾರಣ ಇದೆ.

ಇನ್ನೊಂದು ವಿಷಯ. ಕಾಯಿಲೆ ಕಾರಣಕ್ಕೆ ಸೇನೆಯೇ ಹೊರಗೆ ಕಳಿಸಿ, ಬೋರ್ಡ್ ಮಾತ್ರ ಶೇ. 20ಕ್ಕಿಂತ ಕಡಿಮೆ ಅಂತ ಬರೆದಿದ್ರೆ? ಕೆಲಸಕ್ಕೆ ಆಗಲ್ಲ ಅಂತ ಮನೆಗೆ ಕಳಿಸಿದ ಮೇಲೆ ಅಂಗವೈಕಲ್ಯ ಶೇ. 20ಕ್ಕಿಂತ ಹೆಚ್ಚೇ ಇರಬೇಕು ಅಂತ 2014ರಲ್ಲಿ ಸುಖ್‌ವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಮಾತು ಗೊತ್ತಿಲ್ಲದೆ ‘ನಮ್ದು 20 ಇಲ್ಲ’ ಅಂತ ಸುಮ್ಮನಾದವರಿಗೆ ಇದು ದೊಡ್ಡ ವಿಷಯ.

ದಿನಕ್ಕೆ 225 ರೂಪಾಯಿಗೆ ಯಾರು ಬರ್ತಾರೆ?

ತಿನ್ನಿಸೋಕೆ, ತಿರುಗಿ ಮಲಗಿಸೋಕೆ, ಸ್ನಾನ ಮಾಡಿಸೋಕೆ ಇನ್ನೊಬ್ಬರು ಬೇಕೇ ಬೇಕು ಅನ್ನೋ ಸ್ಥಿತಿಯವರಿಗೆ ಬೇರೆಯೇ ಒಂದು ಭತ್ಯೆ ಇದೆ. ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೋವೆನ್ಸ್, ಅಂದ್ರೆ ಸದಾ ಜೊತೆಗಿದ್ದು ನೋಡಿಕೊಳ್ಳುವವರ ಭತ್ಯೆ. ಅಂಗವೈಕಲ್ಯ ಶೇ. 100 ಇರಬೇಕು. ಕನಿಷ್ಠ ಮೂರು ತಿಂಗಳು ಇನ್ನೊಬ್ಬರ ಆರೈಕೆ ಬೇಕು ಅಂತ ಮೆಡಿಕಲ್ ಬೋರ್ಡ್ ಶಿಫಾರಸು ಮಾಡಬೇಕು. ಸರ್ಕಾರಿ ಖರ್ಚಲ್ಲಿ ಆಸ್ಪತ್ರೆಯಲ್ಲಿ ದಾಖಲಾಗಿರುವ ದಿನಗಳಿಗೆ ಸಿಗಲ್ಲ.

2017ರ ಜುಲೈ 1ರಿಂದ ಇದರ ದರ ತಿಂಗಳಿಗೆ 6,750 ರೂ. ಅಂದ್ರೆ ದಿನಕ್ಕೆ 225. ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಇದು ಶೇ. 25 ಏರಬೇಕು ಅನ್ನೋದು ನಿಯಮ. ತುಟ್ಟಿಭತ್ಯೆ 2024ರ ಜನವರಿಯಲ್ಲಿ ಶೇ. 50 ಆಯ್ತು. ಆ ಲೆಕ್ಕ ಹಿಡಿದ್ರೂ ದಿನಕ್ಕೆ ಸುಮಾರು 281 ರೂ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿಯೇ ದಿನಕ್ಕೆ 370 ರೂ. ಕೆರೆ ಹೂಳು ಎತ್ತೋ ಕೂಲಿಗಿಂತ ಕಡಿಮೆ ದುಡ್ಡಿಗೆ 24 ಗಂಟೆ ನೋಡಿಕೊಳ್ಳೋರು ಯಾರು ಸಿಗ್ತಾರೆ? ಯಾರೂ ಇಲ್ಲ. ಹೆಂಡತಿಯೇ ಮಾಡ್ತಾರೆ. ಹೊಲಿಗೆ ಬಿಟ್ಟು, ಅಂಗಡಿ ಕೆಲಸ ಬಿಟ್ಟು, ತವರಿಗೆ ಹೋಗೋದನ್ನೂ ಬಿಟ್ಟು.

ಆ ದುಡ್ಡಾದ್ರೂ ಎಲ್ಲರಿಗೂ ಸಿಗ್ತಿದೆಯಾ ಅಂದ್ರೆ ಅಲ್ಲೂ ತೊಡಕು. ಸೇನೆಯಿಂದ ಹೊರಬರುವಾಗ ಶೇ. 60 ಇದ್ದ ಕಾಯಿಲೆ ಹತ್ತು ವರ್ಷದಲ್ಲಿ ಪೂರ್ತಿ ಹಾಸಿಗೆ ಹಿಡಿಸಿರಬಹುದು. ಕಾಗದದಲ್ಲಿ ಮಾತ್ರ ಇನ್ನೂ 60. ಇದನ್ನು ಯಾರೂ ಮನೆಗೆ ಬಂದು ತಿದ್ದಲ್ಲ. 2001ರ ನಂತರದ ನೀತಿಯಂತೆ ಶಾಶ್ವತ ಅಂಗವೈಕಲ್ಯದ ಪ್ರಮಾಣ ಜೀವನಪೂರ್ತಿ ಅದೇ. ಆದ್ರೆ ಸೈನಿಕನೇ ಮರುಪರಿಶೀಲನೆ ಕೇಳಿದ್ರೆ ಮತ್ತೆ ಬೋರ್ಡ್ ಮಾಡಿಸಬಹುದು. ಕೇಳಬೇಕು ಅಷ್ಟೇ. ಜಾಸ್ತಿಯಾಗಿರೋದು ಪಿಂಚಣಿಗೆ ಒಪ್ಪಿಕೊಂಡ ಅದೇ ಕಾಯಿಲೆಯಿಂದ ಅನ್ನೋದನ್ನು ಮಾತ್ರ ವೈದ್ಯರ ಕಾಗದ ಹೇಳಬೇಕು. ಬಿದ್ದು ಸೊಂಟ ಮುರಿದದ್ದನ್ನು ಹಳೇ ಮೂರ್ಛೆ ರೋಗದ ಲೆಕ್ಕಕ್ಕೆ ಸೇರಿಸಬೇಕಾದ್ರೆ, ಮೂರ್ಛೆ ಬಂದೇ ಬಿದ್ದದ್ದು ಅಂತ ಬರೆಸಿಕೊಂಡಿರಬೇಕು.

ಬೋರ್ಡ್‌ಗೆ ಹೋಗೋದೂ ಸುಲಭ ಅಲ್ಲ. ಶಿವಮೊಗ್ಗದಲ್ಲಿ ಮಿಲಿಟರಿ ಆಸ್ಪತ್ರೆ ಇಲ್ಲ. ಹಾಸಿಗೆ ಹಿಡಿದವರನ್ನು ಬೆಂಗಳೂರಿಗೆ ಕರ್ಕೊಂಡು ಹೋಗೋದು ಅಂದ್ರೆ ಆಂಬುಲೆನ್ಸ್, ಜೊತೆಗೆ ಇಬ್ಬರು, ಉಳಿಯೋಕೆ ಜಾಗ. ಎಷ್ಟೋ ಮನೆಯವರು ಈ ಖರ್ಚು ನೆನೆದೇ ಹಿಂದೆ ಸರೀತಾರೆ.

ಮೇಲ್ಮನವಿಯ ಮೆಟ್ಟಿಲು

ಪತ್ರ ಬಂದ ಮೇಲೆ ಹೋಗಬೇಕಾದ ದಾರಿ ಹೀಗಿದೆ.

ಮೊದಲ ಮೇಲ್ಮನವಿ: ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ. ರೆಕಾರ್ಡ್ ಆಫೀಸ್ ಮೂಲಕ ಮೊದಲ ಮೇಲ್ಮನವಿ ಸಮಿತಿಗೆ. ಯಾವ ರೆಕಾರ್ಡ್ ಆಫೀಸ್ ಅನ್ನೋದು ಸೈನಿಕನ ದಳದ ಮೇಲೆ. ಮದ್ರಾಸ್ ರೆಜಿಮೆಂಟ್ ಆದ್ರೆ ವೆಲ್ಲಿಂಗ್ಟನ್, ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಎಂಇಜಿ ಆದ್ರೆ ಬೆಂಗಳೂರು, ಇಎಂಇ ಆದ್ರೆ ಸಿಕಂದರಾಬಾದ್, ಆರ್ಟಿಲರಿ ಆದ್ರೆ ನಾಸಿಕ್, ಸಿಗ್ನಲ್ಸ್ ಆದ್ರೆ ಜಬಲ್ಪುರ.

ಎರಡನೇ ಮೇಲ್ಮನವಿ: ಮೊದಲನೆಯದೂ ತಿರಸ್ಕಾರ ಆದ್ರೆ, ಆ ಪತ್ರದಿಂದ ಮತ್ತೆ ಆರು ತಿಂಗಳೊಳಗೆ ಎರಡನೇ ಮೇಲ್ಮನವಿ ಸಮಿತಿಗೆ.

ನ್ಯಾಯಮಂಡಳಿ: ಅಲ್ಲೂ ಆಗಲಿಲ್ಲ ಅಂದ್ರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಂತೆ 2009ರಿಂದ ಕೆಲಸ ಮಾಡ್ತಿದೆ. ಇಲ್ಲೂ ಆರು ತಿಂಗಳು. ಮೇಲ್ಮನವಿ ಕೊಟ್ಟು ಆರು ತಿಂಗಳಾದ್ರೂ ಉತ್ತರವೇ ಬರದಿದ್ರೆ, ಕಾಯುತ್ತಾ ಕೂರಬೇಕಿಲ್ಲ, ಅಲ್ಲಿಂದ ಮುಂದಿನ ಆರು ತಿಂಗಳಲ್ಲಿ ನ್ಯಾಯಮಂಡಳಿಗೆ ಹೋಗಬಹುದು. ತಡವಾಗಿದ್ರೆ ಸರಿಯಾದ ಕಾರಣ ಕೊಟ್ಟು ಮನ್ನಾ ಕೇಳೋಕೂ ಅವಕಾಶ ಇದೆ.

ಕರ್ನಾಟಕ ಬರೋದು ಕೊಚ್ಚಿ ಪೀಠದ ವ್ಯಾಪ್ತಿಗೆ. ಶಿವಮೊಗ್ಗದವರಿಗೆ ಘಟ್ಟ ಇಳಿದು ಮಂಗಳೂರು, ಅಲ್ಲಿಂದ ಕೇರಳದ ಉದ್ದಕ್ಕೂ ಹೋಗಬೇಕು. ನ್ಯಾಯಮಂಡಳಿ ಆದೇಶದ ಮೇಲೆ ಹೈಕೋರ್ಟ್‌ಗೆ ಹೋಗಬಹುದಾ ಅನ್ನೋ ಗೊಂದಲ ಬಹಳ ವರ್ಷ ಇತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಹೋಗುವಂತಿಲ್ಲ ಅನ್ನೋ ಅರ್ಥದ ತೀರ್ಪು ಕೊಟ್ಟಿತ್ತು. 2023ರ ಮಾರ್ಚ್ 21ರಂದು ಪರಶೋತಮ್ ದಾಸ್ ಪ್ರಕರಣದಲ್ಲಿ ಹೈಕೋರ್ಟ್‌ನ ಬಾಗಿಲು ಮುಚ್ಚಿಲ್ಲ ಅಂತ ಸ್ಪಷ್ಟ ಮಾಡಿತು. ಜವಾನನ ಮಟ್ಟಿಗೆ ಇದು ದೊಡ್ಡ ಅನುಕೂಲ. ದೆಹಲಿಗಿಂತ ಬೆಂಗಳೂರು ಹತ್ತಿರ.

ಸೈನಿಕ ತೀರಿಕೊಂಡಿದ್ರೆ? ನ್ಯಾಯಮಂಡಳಿ ಕಾಯ್ದೆಯಲ್ಲಿ ನಿವೃತ್ತರ ಅವಲಂಬಿತರು, ವಾರಸುದಾರರು ಅಂತ ಸ್ಪಷ್ಟವಾಗಿ ಬರೆದಿದೆ. ‘ಅವರೇ ಹೋದ್ಮೇಲೆ ಏನಿದೆ’ ಅಂತ ಫೈಲ್ ಕಟ್ಟಿಡೋದು ತಪ್ಪು.

ತಡ ಮಾಡಿದ್ರೆ ಕಳೆಯೋದು ಎಷ್ಟು?

2008ರ ತರ್ಸೆಮ್ ಸಿಂಗ್ ತೀರ್ಪು ಎಲ್ಲರೂ ತಿಳ್ಕೊಬೇಕು. 1983ರಲ್ಲಿ ಹೊರಬಂದ ಸೈನಿಕ 1999ರಲ್ಲಿ ಹೈಕೋರ್ಟ್‌ಗೆ ಹೋದ್ರು. ಪಿಂಚಣಿ ಪ್ರತಿ ತಿಂಗಳೂ ನಡೆಯುವ ಅನ್ಯಾಯ, ಹಾಗಾಗಿ ತಡವಾದ್ರೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಆದ್ರೆ ಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತ ಅಂದಿತು.

ಮೇಲಿನ ಹವಾಲ್ದಾರ್ ಲೆಕ್ಕವನ್ನೇ ಮುಂದುವರಿಸಿದ್ರೆ, ತಿಂಗಳಿಗೆ 6,000 ಅಂದ್ರೆ ವರ್ಷಕ್ಕೆ 72,000. ಒಂದು ರೂಪಾಯಿಯೂ ಸಿಗದೆ 12 ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿ ಗೆದ್ರೆ, ಸಿಗೋದು ಮೂರು ವರ್ಷದ ಬಾಕಿ. ಉಳಿದ ಒಂಬತ್ತು ವರ್ಷದ 6.48 ಲಕ್ಷ ರೂ. ಹೋಯ್ತು. ತುಟ್ಟಿಭತ್ಯೆ ಸೇರಿಸಿದ್ರೆ ಇನ್ನೂ ಜಾಸ್ತಿ. ಗಾಂಧಿ ಬಜಾರ್‌ನಲ್ಲಿ ಒಂದು ಸಣ್ಣ ಅಂಗಡಿಗೆ ಹಾಕೋ ಬಂಡವಾಳ ಅದು.

ಹಾಗಾಗಿ ‘ಹಳೇದಾಯ್ತು, ಈಗೇನು ಮಾಡೋದು’ ಅನ್ನೋರು ಇವತ್ತೇ ಕೇಳಬೇಕು. ಕಾದಷ್ಟೂ ಹಿಂದಿನ ಒಂದೊಂದು ತಿಂಗಳು ಜಾರಿ ಹೋಗ್ತಿರುತ್ತೆ.

ಮೇಲ್ಮನವಿ ಎಲ್ಲಿ ಬೀಳುತ್ತೆ?

ಬಹಳ ಮೇಲ್ಮನವಿಗಳಲ್ಲಿ ಇರೋದು ಕಷ್ಟದ ಕಥೆ. ‘ನನಗೆ ಇಬ್ಬರು ಹೆಣ್ಣುಮಕ್ಕಳು, ಬಡವ, ದಯವಿಟ್ಟು ಪರಿಗಣಿಸಿ’ ಅಂತ. ಸಮಿತಿ ನೋಡೋದು ಬಡತನವನ್ನಲ್ಲ, ಬೋರ್ಡ್ ಬರೆದ ಕಾರಣ ಸರಿಯಾ ಅನ್ನೋದನ್ನು. ಅದಕ್ಕೆ ಮೊದಲು ಬೋರ್ಡ್‌ನ ಪೂರ್ತಿ ಕಾಗದ ಕೈಯಲ್ಲಿರಬೇಕು. ತಿರಸ್ಕಾರದ ಪತ್ರದಲ್ಲಿ ಒಂದು ಪ್ಯಾರಾ ಮಾತ್ರ ಇರುತ್ತೆ. ಪೂರ್ತಿ ಪ್ರತಿ ರೆಕಾರ್ಡ್ ಆಫೀಸ್‌ಗೆ ಅರ್ಜಿ ಕೊಟ್ಟು ಕೇಳಬೇಕು, ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ತಗೋಬೇಕು.

ಕಾಗದ ಬಂದ ಮೇಲೆ ನೋಡಬೇಕಾದ್ದು ನಾಲ್ಕು. ಭರ್ತಿ ಆಗುವಾಗ ಕಾಯಿಲೆ ಏನಾದ್ರೂ ದಾಖಲಾಗಿತ್ತಾ? ಕಾಯಿಲೆ ಮೊದಲು ಕಾಣಿಸಿಕೊಂಡಾಗ ಪೋಸ್ಟಿಂಗ್ ಎಲ್ಲಿತ್ತು, ಫೀಲ್ಡ್ ಏರಿಯಾನಾ, ಎತ್ತರದ ಪ್ರದೇಶನಾ? ‘ಸಂಬಂಧ ಇಲ್ಲ’ ಅನ್ನೋದಕ್ಕೆ ಬೋರ್ಡ್ ಕಾರಣ ಬರೆದಿದೆಯಾ, ಬರೀ ‘ನಾನಾ’ ಅಂತ ಬರೆದು ಬಿಟ್ಟಿದೆಯಾ? ಸೇವೆಯಿಂದ ಬಂದಿಲ್ಲ ಅಂದ್ರೂ ಸೇವೆಯಿಂದ ಉಲ್ಬಣ ಆಗಿದೆಯಾ ಅನ್ನೋದನ್ನು ಬೇರೆಯಾಗಿ ಯೋಚಿಸಿದೆಯಾ? ಮೇಲ್ಮನವಿಯ ಜೀವ ಇರೋದು ಈ ನಾಲ್ಕು ಪ್ರಶ್ನೆಯಲ್ಲಿ.

ಸ್ವಂತ ಇಚ್ಛೆಯಿಂದ ಬೇಗ ನಿವೃತ್ತಿ ತಗೊಂಡವರಿಗೆ ಏನೂ ಇಲ್ಲ ಅನ್ನೋದು ಇನ್ನೊಂದು ತಪ್ಪು ತಿಳುವಳಿಕೆ. 2006ರ ಜನವರಿ 1ರ ನಂತರ ಹಾಗೆ ಬಂದವರೂ ಅಂಗವೈಕಲ್ಯದ ಭಾಗ ಕೇಳಬಹುದು.

ವಕೀಲರ ಫೀಸ್ ಕೊಡೋಕೆ ಆಗದಿದ್ರೆ?

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂ ಪ್ರಕಾರ ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ, ಪಂಗಡದವರು ಉಚಿತ ಕಾನೂನು ನೆರವಿಗೆ ಅರ್ಹರು. ಅಂದ್ರೆ ಅಂಗವಿಕಲ ಸೈನಿಕನೂ ಕೇಳಬಹುದು, ಅವನ ಪತ್ನಿಯೂ ಕೇಳಬಹುದು. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಅಂತ ಸೈನಿಕ ಕುಟುಂಬಗಳಿಗಾಗಿಯೇ ಒಂದು ಯೋಜನೆ ಶುರು ಮಾಡಿದೆ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ, ಎರಡೂ ಕಡೆ ಈ ಹೆಸರು ಹೇಳಿ ಕೇಳಬೇಕು.

ಪಿಂಚಣಿಯೇ ಇಲ್ಲದ, 65 ದಾಟಿದ ಹವಾಲ್ದಾರ್ ದರ್ಜೆವರೆಗಿನ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಮಂಡಳಿ ಮೂಲಕ ಸಿಗೋ ನೆರವನ್ನು 2025ರ ನವೆಂಬರ್ 1ರಿಂದ ತಿಂಗಳಿಗೆ 4,000ದಿಂದ 8,000 ರೂ.ಗೆ ಏರಿಸಲಾಗಿದೆ. ಮೇಲ್ಮನವಿ ತೀರ್ಮಾನ ಆಗೋವರೆಗೆ ಇದಾದ್ರೂ ಕೈ ಹಿಡಿಯುತ್ತಾ ಅಂತ ಹಿರಿಯರ ಮನೆಯವರು ವಿಚಾರಿಸಬಹುದು.

ಅಗ್ನಿವೀರರ ಕಥೆ ಬೇರೆ

ಈಗ ನೆಹರು ಕ್ರೀಡಾಂಗಣದಲ್ಲಿ ಬೆಳಗ್ಗೆ ಓಡೋ ಹುಡುಗರು ಸೇರೋದು ಅಗ್ನಿಪಥದಲ್ಲಿ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆಗೆ ಮಾಸಿಕ ಪಿಂಚಣಿ ಇಲ್ಲ. ಸೇವೆಯಿಂದ ಅಂಗವೈಕಲ್ಯ ಬಂದ್ರೆ ಒಂದೇ ಗಂಟು. ಶೇ. 100ಕ್ಕೆ 44 ಲಕ್ಷ, ಶೇ. 75ಕ್ಕೆ 25 ಲಕ್ಷ, ಶೇ. 50ಕ್ಕೆ 15 ಲಕ್ಷ. ಕೇಳೋಕೆ ದೊಡ್ಡ ಮೊತ್ತ. ಆದ್ರೆ 22ನೇ ವಯಸ್ಸಿಗೆ ಹಾಸಿಗೆ ಹಿಡಿದ ಹುಡುಗನನ್ನು ಇನ್ನೂ 40 ವರ್ಷ ನೋಡಿಕೊಳ್ಳಬೇಕು ಅಂದ್ರೆ 44 ಲಕ್ಷ ತಿಂಗಳಿಗೆ 9,000 ಚಿಲ್ಲರೆ ಆಗುತ್ತೆ. ಬ್ಯಾಂಕ್ ಬಡ್ಡಿ ಸೇರಿಸಿದ್ರೂ ಏರೋ ಬೆಲೆ ಅದನ್ನು ತಿನ್ನುತ್ತೆ. ಮತ್ತೆ ಇಲ್ಲೂ ಅದೇ ಪ್ರಶ್ನೆ, ಸೇವೆಯಿಂದ ಬಂದದ್ದಾ, ಅಲ್ಲವಾ? ಆ ಸಾಲನ್ನು ಬರೆಯೋದು ಅದೇ ಮೆಡಿಕಲ್ ಬೋರ್ಡ್.

ತರಬೇತಿಯಲ್ಲೇ ಗಾಯಗೊಂಡು ಹೊರಬಂದ ಅಧಿಕಾರಿ ಕೆಡೆಟ್‌ಗಳ ವಿಷಯವನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗೇ ಕೈಗೆತ್ತಿಕೊಂಡಿದೆ. ಆ ಪೀಠದ ನೇತೃತ್ವ ಕನ್ನಡತಿ ನ್ಯಾ. ಬಿ.ವಿ. ನಾಗರತ್ನ ಅವರದ್ದು. ಕೆಡೆಟ್‌ಗಳ ಬಗ್ಗೆ ಎದ್ದ ಆ ಪ್ರಶ್ನೆ ನಾಳೆ ಅಗ್ನಿವೀರರ ಬಗ್ಗೆಯೂ ಏಳೋದು ಸಹಜ. ಮೊದಲ ಬ್ಯಾಚ್‌ನ ನಾಲ್ಕು ವರ್ಷ 2026ರ ಕೊನೆಯಿಂದ ಮುಗಿಯುತ್ತಾ ಬರುತ್ತೆ.

ಬಜಾರ್ ಏನು ಮಾಡಬಹುದು?

ಇದರಲ್ಲಿ ಅಂಗಡಿಯವರಿಗೆ ಏನು ಕೆಲಸ ಅಂತ ಅನ್ನಿಸಬಹುದು. ಇದೆ. ಆ ಪತ್ರ ಮೊದಲು ತೆರೆಯೋದು ಜೆರಾಕ್ಸ್ ಅಂಗಡಿ ಮೇಜಿನ ಮೇಲೆ. ‘ಅಣ್ಣಾ, ಇದರಲ್ಲಿ ಏನು ಬರೆದಿದೆ ನೋಡಿ’ ಅಂತ ಕೇಳೋದು ಅಲ್ಲೇ. ಆಗ ಪತ್ರದ ಮೇಲಿನ ತಾರೀಖು ನೋಡಿ, ಆರು ತಿಂಗಳು ಎಂದಿಗೆ ಮುಗಿಯುತ್ತೆ ಅಂತ ಪೆನ್ನಲ್ಲಿ ಬರೆದು ಕೊಟ್ರೆ ಸಾಕು. ಮೂಲ ಕಾಗದ ಯಾರ ಕೈಗೂ ಕೊಡಬೇಡಿ ಅಕ್ಕಾ, ಕಾಪಿ ಕೊಡಿ, ಸ್ಪೀಡ್ ಪೋಸ್ಟ್ ರಸೀದಿ ಇಟ್ಕೊಳ್ಳಿ ಅಂತ ಹೇಳಿದ್ರೆ ಇನ್ನೂ ಒಳ್ಳೇದು. ಲಕೋಟೆಯನ್ನೂ ಎಸೆಯಬಾರದು. ಪತ್ರ ಎಂದು ಕೈ ಸೇರಿತು ಅನ್ನೋದಕ್ಕೆ ಅಂಚೆ ಮುದ್ರೆಯೇ ಸಾಕ್ಷಿ.

ಮೆಡಿಕಲ್ ಶಾಪ್‌ನವರು ಬಿಲ್ ಬೇಡ ಅಂದ್ರೂ ಹೆಸರು ಹಾಕಿ ಬಿಲ್ ಕೊಡಬಹುದು. ಕಾಯಿಲೆ ವರ್ಷದಿಂದ ವರ್ಷಕ್ಕೆ ಹೇಗೆ ಜಾಸ್ತಿ ಆಯ್ತು ಅನ್ನೋದನ್ನು ನಾಳೆ ಬೋರ್ಡ್ ಮುಂದೆ ಹೇಳೋದು ಅಂಥ ಕಾಗದಗಳೇ.

ಪಿಂಚಣಿ ಅನ್ನೋದು ಭಿಕ್ಷೆ ಅಲ್ಲ, ದುಡಿದದ್ದರ ಬಾಕಿ. ಗಾಂಧಿ ಬಜಾರ್‌ನ ವ್ಯಾಪಾರಿಗಿಂತ ಚೆನ್ನಾಗಿ ಬಾಕಿ ಅನ್ನೋ ಮಾತಿನ ಬೆಲೆ ಯಾರಿಗೆ ಗೊತ್ತು? ಖಾತೆ ಪುಸ್ತಕದಲ್ಲಿ ಬರೆದ ಬಾಕಿಯನ್ನು ಯಾರೂ ಬಿಡಲ್ಲ. ಸೈನಿಕನ ಮನೆಯವರೂ ಬಿಡಬಾರದು.